ಪುಲಿಗೆರೆಯ ಶಾಸನದ ಪೂಜ್ಯಪಾದರು ಮತ್ತು ಜೈನ ವೈದ್ಯದಲ್ಲಿ ದೀರ್ಘಾಯುಸ್ಸಿನ ವಿಚಾರ

ಗದಗ ಜಿಲ್ಲೆಯ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಅಲ್ಲಿಯ ಶಂಖಬಸದಿಗೆ ಸಂಬಂಧಿಸಿದ ಶಾಸನಗಳಲ್ಲಿ ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಹೆಸರಿನ ದತ್ತಿಯೊಂದಿದೆ. ಅದರ ಕಾಲ ಶಕವರ್ಷ 651, ಅಂದರೆ ಕ್ರಿ.ಶ. 729–30. ದತ್ತಿಯನ್ನು ಪಡೆದವರು ಮೂಲಸಂಘ ದೇವಗಣದ ಉದಯದೇವ ಪಂಡಿತರು. ನಿರವದ್ಯ ಪಂಡಿತರೆಂಬುದು ಅವರ ಇನ್ನೊಂದು ಹೆಸರು. ಶಾಸನವು ಇವರನ್ನು ಶ್ರೀಪೂಜ್ಯಪಾದರ ಶಿಷ್ಯರೆಂದು ಹೇಳುತ್ತದೆ. ಇದನ್ನು ಮೊದಲು ಸಂಪಾದಿಸಿದ ಫ್ಲೀಟರು ಗುರುವಿನ ಮನೆಯಲ್ಲಿದ್ದು ಕಲಿತ ಶಿಷ್ಯನೆಂಬ ಅರ್ಥವನ್ನು ಅಲ್ಲಿಯ ಪದಕ್ಕೆ ಕೊಟ್ಟಿದ್ದಾರೆ. ಎಂದರೆ ಗುರುಶಿಷ್ಯರದು ಪ್ರತ್ಯಕ್ಷ ಸಂಬಂಧ; ನೂರಾರು ವರ್ಷಗಳ ಹಿಂದಿನ ಆಚಾರ್ಯರನ್ನು ಭಕ್ತಿಯಿಂದ ನೆನೆದ ಮಾತಲ್ಲ.

ಇನ್ನೊಂದೆಡೆ ದೇವಸೇನರ ‘ದರ್ಶನಸಾರ’ವಿದೆ. ವಿಕ್ರಮ ಸಂವತ್ 990ರಲ್ಲಿ ರಚಿತವಾದ ಈ ಪ್ರಾಕೃತ ಕೃತಿಯ ಪ್ರಕಾರ ಪೂಜ್ಯಪಾದರ ಶಿಷ್ಯರಾದ ವಜ್ರನಂದಿಗಳು ವಿಕ್ರಮ ಸಂವತ್ 526ರಲ್ಲಿ, ಎಂದರೆ ಕ್ರಿ.ಶ. 469ರ ಸುಮಾರಿಗೆ, ದಕ್ಷಿಣ ಮಧುರೆಯಲ್ಲಿ ದ್ರಾವಿಡ ಸಂಘವನ್ನು ಸ್ಥಾಪಿಸಿದರು. ಒಬ್ಬ ಶಿಷ್ಯರು 469ರಲ್ಲಿ ಸಂಘವನ್ನು ಕಟ್ಟಿದರು, ಇನ್ನೊಬ್ಬರು 729ರಲ್ಲಿ ಪುಲಿಗೆರೆಯಲ್ಲಿ ದತ್ತಿಯನ್ನು ಪಡೆದರು. ನಡುವಣ ಅಂತರ 260 ವರ್ಷ. ಎರಡೂ ಆಧಾರಗಳು ಒಬ್ಬರೇ ಪೂಜ್ಯಪಾದರನ್ನು ಕುರಿತವೆಂದು ಭಾವಿಸಿದರೆ ಅವರ ಆಯುಸ್ಸು ಮನುಷ್ಯಪ್ರಮಾಣವನ್ನು ಮೀರಿಹೋಗುತ್ತದೆ.

ಬೇರೆ ಆಚಾರ್ಯರ ವಿಷಯದಲ್ಲಾಗಿದ್ದರೆ ಈ ಲೆಕ್ಕವನ್ನು ನೋಡಿದೊಡನೆ ಇಬ್ಬರೆಂದು ತೀರ್ಮಾನಿಸಿ ಮುಂದೆ ಹೋಗಬಹುದಿತ್ತು. ಆದರೆ ಪೂಜ್ಯಪಾದರ ಹೆಸರಿನ ಸುತ್ತ ರಸಸಿದ್ಧಿಯ ಐತಿಹ್ಯವೊಂದು ಬಲವಾಗಿ ಹೆಣೆದುಕೊಂಡಿದೆ. 19ನೆಯ ಶತಮಾನದ ದೇವಚಂದ್ರನ ‘ರಾಜಾವಳಿ ಕಥೆ’ ಮೊದಲಾದ ಕೃತಿಗಳಲ್ಲಿ ನಾಗಾರ್ಜುನನು ಅವರ ಸೋದರಳಿಯ. ಅವರಿಂದ ಪಡೆದ ಪದ್ಮಾವತೀಮಂತ್ರದ ಬಲದಿಂದ ಸಿದ್ಧರಸವನ್ನು ಕಂಡು ಬಂಗಾರವನ್ನು ಮಾಡಿದವನು. ಪೂಜ್ಯಪಾದರು ಪಾದಲೇಪದಿಂದ ಆಕಾಶಗಮನ ಮಾಡಿ ವಿದೇಹಕ್ಷೇತ್ರಕ್ಕೆ ಹೋಗಿಬಂದರೆಂಬ ಕಥೆಯೂ ಇದೆ. ಈ ನಾಗಾರ್ಜುನನ ಹೆಸರಿಗೆ ಇತರ ಸಾಹಿತ್ಯಗಳಲ್ಲಿ ದೀರ್ಘಾಯುಸ್ಸಿನ ಖ್ಯಾತಿ ಅಂಟಿಕೊಂಡಿದೆ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಅವನು ಚಿರಾಯುವೆಂಬ ಅರಸನ ಮಂತ್ರಿ, ರಸಾಯನದಿಂದ ತನ್ನ ಮತ್ತು ಅರಸನ ಮುಪ್ಪನ್ನು ತಡೆದವನು. ಲೋಕದಿಂದ ಮರಣವನ್ನೇ ಹೋಗಲಾಡಿಸುವ ಅಮೃತವನ್ನು ಮಾಡಹೊರಟಾಗ ಇಂದ್ರನು ಅವನನ್ನು ತಡೆದನು. ಅರಸನಿಗೆ ಸಾವು ಬಾರದೆ ಯುವರಾಜರು ಪಟ್ಟವನ್ನೇ ಕಾಣದೆ ಸಾಯುತ್ತಿರಲು, ಕಡೆಗೆ ಒಬ್ಬ ರಾಜಪುತ್ರನು ಬಂದು ನಾಗಾರ್ಜುನನ ತಲೆಯನ್ನೇ ದಾನವಾಗಿ ಬೇಡಿದನು. ಸೋದರಳಿಯನಿಗೆ ಇಂಥ ಕೀರ್ತಿಯಿರುವಾಗ ಸೋದರಮಾವನಿಗೆ 260 ವರ್ಷಗಳನ್ನು ಕೊಡುವುದು ಭಕ್ತರಿಗೆ ಕಷ್ಟವಾಗದು. ಪುಲಿಗೆರೆಯ ಶಾಸನವನ್ನು ಓದುವವರು ಈ ಸುಲಭ ಮಾರ್ಗವನ್ನು ಹಿಡಿಯುವ ಮೊದಲು ಎರಡು ವಿಷಯಗಳನ್ನು ಪರಿಶೀಲಿಸುವುದು ಯುಕ್ತ. ಆಯುಸ್ಸನ್ನು ಬೆಳೆಸುವ ವಿದ್ಯೆ ಜೈನಾಗಮಕ್ಕೆ ಸಮ್ಮತವೇ ಎಂಬುದು ಒಂದು. ಪೂಜ್ಯಪಾದರಿಗೂ ರಸಾಯನಕ್ಕೂ ಪ್ರಾಚೀನ ಸಾಕ್ಷ್ಯದಲ್ಲಿ ಸಂಬಂಧವಿದೆಯೇ ಎಂಬುದು ಇನ್ನೊಂದು.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಪೂಜ್ಯಪಾದರಿಂದಲೇ ಪಡೆಯಬಹುದಾಗಿರುವುದು ಒಂದು ಸುಯೋಗ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ಯಾರ ಆಯುಸ್ಸು ಅನಪವರ್ತ್ಯ, ಅಂದರೆ ನಡುವೆ ಮೊಟಕಾಗದಂಥದು, ಎಂಬುದನ್ನು ಎಣಿಸುತ್ತದೆ. ಔಪಪಾದಿಕರಾದ ದೇವನಾರಕರು, ಚರಮೋತ್ತಮದೇಹವುಳ್ಳವರು, ಅಸಂಖ್ಯಾತ ವರ್ಷಗಳ ಆಯುಸ್ಸುಳ್ಳ ಭೋಗಭೂಮಿಜರು. ಇಷ್ಟು ಮಂದಿಗೆ ಮಾತ್ರ ಆ ನಿಯಮ. ಉಳಿದವರ ಆಯುಸ್ಸು ವಿಷ, ಶಸ್ತ್ರ ಮೊದಲಾದ ಹೊರಗಿನ ಉಪಘಾತಗಳು ಒದಗಿದಾಗ ಹ್ರಸ್ವವಾಗಬಹುದೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ಹ್ರಸ್ವವಾಗುವುದನ್ನು ಹೇಳಿದ ವ್ಯಾಖ್ಯಾನದಲ್ಲಿ ದೀರ್ಘವಾಗುವುದರ ಮಾತಿಲ್ಲ. ಕರ್ಮಸಿದ್ಧಾಂತದ ಪ್ರಕಾರ ಅದು ಇರಲೂ ಸಾಧ್ಯವಿಲ್ಲ. ಜೀವನು ಮುಂದಿನ ಭವದ ಆಯುಸ್ಸನ್ನು ಈ ಭವದಲ್ಲಿಯೇ ಕಟ್ಟಿಕೊಳ್ಳುತ್ತಾನೆ. ಹೀಗೆ ಕಟ್ಟಿಕೊಳ್ಳುವಾಗ ಅದರ ಸ್ಥಿತಿಯಲ್ಲಿ ಹೆಚ್ಚು ಕಡಮೆಗಳೆರಡಕ್ಕೂ ಎಡೆಯುಂಟು. ಒಮ್ಮೆ ಉದಯಕ್ಕೆ ಬಂದು ಉಣ್ಣುತ್ತಿರುವ ಆಯುಸ್ಸಿಗಾದರೋ ಅಪಕರ್ಷಣವುಂಟು, ಉತ್ಕರ್ಷಣವಿಲ್ಲ. ಎಂದ ಮೇಲೆ ಮಾತ್ರೆಯಾಗಲಿ ಮಂತ್ರವಾಗಲಿ ಅದಕ್ಕೆ ಒಂದು ಸಮಯವನ್ನೂ ಸೇರಿಸಲಾರದು.

ಪಂಪನ ‘ಆದಿಪುರಾಣ’ವನ್ನು ಓದಿದವರಿಗೆ ಈ ತತ್ತ್ವ ಹೊಸದಲ್ಲ. ಪುಲಿಗೆರೆಯ ತಿರುಳ್ಗನ್ನಡವನ್ನು ಮೆಚ್ಚಿ ಹೇಳಿದ ಈ ಕವಿ 941ರಲ್ಲಿ ರಚಿಸಿದ ಆ ಕಾವ್ಯದಲ್ಲಿ ಲಲಿತಾಂಗದೇವನ ಕೊರಳ ಮಾಲೆ ಬಾಡಿ ಅವನ ಆಯುಸ್ಸು ತೀರುತ್ತಿರುವುದನ್ನು ಸೂಚಿಸುತ್ತದೆ. ನೀಲಾಂಜನೆಯು ನರ್ತಿಸುತ್ತಿರುವಂತೆಯೇ ಇಲ್ಲವಾಗುತ್ತಾಳೆ. ದೇವಗತಿಯ ಆಯುಸ್ಸನ್ನು ಯಾರೂ ಮೊಟಕುಗೊಳಿಸಲಾರರು, ಆದರೆ ಅದಕ್ಕೂ ಮುಗಿಯುವ ಗಳಿಗೆಯೊಂದಿದೆ. ನೇಮಿನಾಥರ ಆಯುಸ್ಸನ್ನು ಪುರಾಣಗಳು 1000 ವರ್ಷವೆಂದೂ ಪಾರ್ಶ್ವನಾಥರದನ್ನು 100 ವರ್ಷವೆಂದೂ ವರ್ಧಮಾನರದನ್ನು 72 ವರ್ಷವೆಂದೂ ಹೇಳುತ್ತವೆ. ಅವಸರ್ಪಿಣಿಯಲ್ಲಿ ಇಳಿದುಬರುವ ಈ ಪ್ರಮಾಣಗಳು ಕಾಲದ ಗುಣದಿಂದ ಬಂದವು. ಯಾವ ಔಷಧದಿಂದಲೂ ಬಂದವಲ್ಲ. ದುಃಷಮಕಾಲದ ಆದಿಯಲ್ಲಿ ಮನುಷ್ಯರ ಪರಮಾಯುಸ್ಸು 120 ವರ್ಷವೆಂಬುದು ‘ತಿಲೋಯಪಣ್ಣತ್ತಿ’ಯ ಮತ. 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಮಹಿಳೆಯೊಬ್ಬರು 122 ವರ್ಷ ಬದುಕಿದ್ದುದೇ ದಾಖಲೆಗಳಿಂದ ಸಿದ್ಧವಾಗಿರುವ ಅತಿದೀರ್ಘ ಆಯುಸ್ಸೆಂದು ಈಗಿನ ಗಣನೆ. ಈ ಎರಡು ಸಂಖ್ಯೆಗಳ ಸಾಮೀಪ್ಯದಿಂದ ಏನನ್ನಾದರೂ ಸಾಧಿಸಹೊರಡುವುದು ತರವಲ್ಲವಾದರೂ ಓದುಗರ ಗಮನಕ್ಕೆ ತರುವುದರಲ್ಲಿ ದೋಷವಿಲ್ಲ.

ಪಂಚಮಕಾಲದಲ್ಲಿ ಭರತಕ್ಷೇತ್ರದಲ್ಲಿ ಚರಮದೇಹಿಗಳು ಹುಟ್ಟುವುದಿಲ್ಲ. ಆದಕಾರಣ ಸೂತ್ರದ ನಿಯಮದಂತೆ ಪೂಜ್ಯಪಾದರ ಆಯುಸ್ಸಿಗೂ ಇತರ ಮನುಷ್ಯರ ಆಯುಸ್ಸಿಗಿಲ್ಲದ ರಕ್ಷಣೆಯೇನೂ ಇರಲಿಲ್ಲ. ಅವರಿಗೆ 260 ವರ್ಷಗಳನ್ನು ಕೊಡುವವರು ಅವರ ವ್ಯಾಖ್ಯಾನಕ್ಕೆ ವಿರುದ್ಧವಾಗಿ ಅವರನ್ನೇ ನಿಲ್ಲಿಸಿದಂತಾಗುತ್ತದೆ.

ಹಾಗಾದರೆ ಜೈನರು ವೈದ್ಯಶಾಸ್ತ್ರವನ್ನು ಬರೆದದ್ದೇಕೆ, ಅದರಲ್ಲಿ ರಸಾಯನವನ್ನು ಸೇರಿಸಿದ್ದೇಕೆ? ಈ ಆಕ್ಷೇಪವನ್ನು ಎದುರಿಸಿ ನಿಂತವರು ಭಟ್ಟಾಕಲಂಕದೇವರು. ಇದೇ ಸೂತ್ರದ ಮೇಲಿನ ‘ರಾಜವಾರ್ತಿಕ’ದಲ್ಲಿ ಅವರು ಅಕಾಲಮರಣದ ಇರವನ್ನು ಸಾಧಿಸುವುದಕ್ಕೆ ಆಯುರ್ವೇದವನ್ನೇ ಹೇತುವಾಗಿ ತರುತ್ತಾರೆ. ಅಷ್ಟಾಂಗವನ್ನು ಬಲ್ಲ ವೈದ್ಯನು ದೋಷವು ಕೆರಳುವ ಮೊದಲೇ ವಮನ ವಿರೇಚನಗಳಿಂದ ಅದನ್ನು ತೆಗೆಯುತ್ತಾನೆ. ಅಕಾಲಮೃತ್ಯುವನ್ನು ತಡೆಯಲೆಂದು ರಸಾಯನವನ್ನು ಉಪದೇಶಿಸುತ್ತಾನೆ. ಅಕಾಲಮೃತ್ಯು ಇಲ್ಲದಿದ್ದರೆ ಆ ಉಪದೇಶವೇ ವ್ಯರ್ಥವಾಗಬೇಕಾಗುತ್ತಿತ್ತು. ಔಷಧವು ಬಂದ ದುಃಖವನ್ನು ನೀಗುವುದಕ್ಕೆ ಮಾತ್ರ ಎಂದು ಪ್ರತಿವಾದಿ ಹೇಳಿದರೆ, ದುಃಖ ಹುಟ್ಟದಿರುವಾಗಲೂ ಅದನ್ನು ಕೊಡುವುದುಂಟಲ್ಲ ಎಂಬುದು ಅವರ ಸಮಾಧಾನ. ಆಯುಸ್ಸು ಮೊಟಕಾದರೆ ಮಾಡಿದ ಕರ್ಮವು ಫಲ ಕೊಡದೆ ನಾಶವಾದಂತಾಗಲಿಲ್ಲವೇ ಎಂಬ ಶಂಕೆಗೆ ಒದ್ದೆಬಟ್ಟೆಯ ದೃಷ್ಟಾಂತ ಬರುತ್ತದೆ. ಮಡಿಸಿಟ್ಟ ಒದ್ದೆಬಟ್ಟೆ ತಡವಾಗಿ ಒಣಗುತ್ತದೆ, ಹರಡಿದ ಬಟ್ಟೆ ಬೇಗ ಒಣಗುತ್ತದೆ; ಇದ್ದ ನೀರಿನ ಪ್ರಮಾಣ ಎರಡರಲ್ಲಿಯೂ ಅಷ್ಟೆ. ವೈದ್ಯನ ಕೆಲಸ ಬಟ್ಟೆಯನ್ನು ಮಡಿಸಿಡುವುದು, ನೀರನ್ನು ಸೇರಿಸುವುದಲ್ಲ.

ರಸಾಯನವೆಂಬ ಪದಕ್ಕೆ ಅಕಲಂಕದೇವರು ಕೊಟ್ಟ ಈ ಸ್ಥಾನವು ವೈದಿಕ ಪರಂಪರೆಯ ಸಂಹಿತೆಗಳಿಗಿಂತ ಭಿನ್ನವಾದುದು. ಚರಕಸಂಹಿತೆಯಲ್ಲಿ ರಸಾಯನಕ್ಕೆ ಜರಾನಾಶ, ಮರಳಿ ಯೌವನ, ಸಾವಿರಾರು ವರ್ಷಗಳ ಆಯುಸ್ಸು ಎಂಬ ಫಲಶ್ರುತಿಗಳಿವೆ. ಮುದುಕನಾಗಿದ್ದ ಚ್ಯವನನು ತರುಣನಾದ ಕಥೆ ಅದಕ್ಕೆ ನಿದರ್ಶನ. ಹೊರಗಿನ ಗಾಳಿಬೆಳಕು ತಾಕದಂತೆ ಒಂದರೊಳಗೊಂದು ಕೋಣೆಗಳಿರುವ ಕುಟಿಯನ್ನು ಕಟ್ಟಿ ಅದರೊಳಗಿದ್ದು ಸೇವಿಸುವ ವಿಧಿಯನ್ನು ಅಲ್ಲಿ ಹೇಳಿದೆ. ಈ ವಿಧಿಯ ಮೇಲಿನ ನಂಬಿಕೆ ಹಳೆಯ ಕಾಲಕ್ಕೇ ಮುಗಿದುಹೋಗಲಿಲ್ಲ. ಪಂಡಿತ ಮದನಮೋಹನ ಮಾಳವೀಯರು 1938ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ, ಕಾಯಕಲ್ಪ ಚಿಕಿತ್ಸೆಗೆ ಒಳಗಾದುದು ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಅವರು 1946ರಲ್ಲಿ ನಿಧನರಾದರು. ಜೈನವೈದ್ಯನಿಗೆ ಸಿದ್ಧಾಂತದ ತೊಡಕಿನ ಜೊತೆಗೆ ಆಚಾರದ ತೊಡಕೂ ಇತ್ತು. ಚ್ಯವನಪ್ರಾಶದಲ್ಲಿ ಜೇನುತುಪ್ಪ ಸೇರುತ್ತದೆ. ಶ್ರಾವಕನ ಮೂಲಗುಣಗಳಲ್ಲಿ ಮಧುತ್ಯಾಗವೂ ಒಂದು. ಹೀಗಾಗಿ ಲೋಕಪ್ರಸಿದ್ಧವಾದ ರಸಾಯನವನ್ನು ಅವನು ಇದ್ದಂತೆಯೇ ಎತ್ತಿಕೊಳ್ಳುವಂತಿರಲಿಲ್ಲ.

ಎರಡನೆಯ ಪ್ರಶ್ನೆಗೆ ಮುಖ್ಯ ಸಾಕ್ಷಿ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಈ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಉಗ್ರಾದಿತ್ಯರು ಶ್ರೀನಂದಿಗಳ ಶಿಷ್ಯರು; ರಾಮಗಿರಿಯಲ್ಲಿ ಗ್ರಂಥವನ್ನು ರಚಿಸಿದವರು. ಮಾಂಸವು ಔಷಧವಾಗಲಾರದೆಂದು ಅವರು ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ವೈದ್ಯರ ಮುಂದೆ ಪ್ರತಿಪಾದಿಸಿದ ವಿಷಯವೇ ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯ. ಅಮೋಘವರ್ಷನ ಆಳ್ವಿಕೆ ಕ್ರಿ.ಶ. 814ರಿಂದ 878ರವರೆಗೆ ನಡೆದುದರಿಂದ 9ನೆಯ ಶತಮಾನದ ಜೈನವೈದ್ಯರ ತಿಳಿವಳಿಕೆಯನ್ನು ಇಲ್ಲಿ ಕಾಣಬಹುದು.

ಉಗ್ರಾದಿತ್ಯರು ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಅಷ್ಟಾಂಗಗಳಿಗೆ ಹಂಚಿ ಹೆಸರಿಸಿದ್ದಾರೆ. ಶಲ್ಯತಂತ್ರ ಪಾತ್ರಸ್ವಾಮಿಗಳದು, ವಿಷ ಮತ್ತು ಉಗ್ರಗ್ರಹಗಳ ಶಮನ ಸಿದ್ಧಸೇನರದು, ಕಾಯಚಿಕಿತ್ಸೆ ದಶರಥಗುರುಗಳದು, ಶಿಶುಚಿಕಿತ್ಸೆ ಮೇಘನಾದರದು, ವೃಷ್ಯವೂ ದಿವ್ಯಾಮೃತವೂ ಸಿಂಹನಾದ ಮುನೀಂದ್ರರವು. ದಿವ್ಯಾಮೃತವೆಂದರೆ ಇಲ್ಲಿ ರಸಾಯನ. ಪೂಜ್ಯಪಾದರ ಪಾಲಿಗೆ ಈ ಹಂಚಿಕೆಯಲ್ಲಿ ಬಂದಿರುವುದು ಶಾಲಾಕ್ಯ, ಎಂದರೆ ಕಣ್ಣು, ಕಿವಿ, ಮೂಗು, ಶಿರಸ್ಸುಗಳ ಚಿಕಿತ್ಸೆ.

ಈ ಒಂದು ಪದ್ಯದ ಬೆಲೆ ದೊಡ್ಡದು. ಪೂಜ್ಯಪಾದರ ವೈದ್ಯಕೀರ್ತಿಯನ್ನು ಚೆನ್ನಾಗಿ ಬಲ್ಲ, ಅವರಿಗೆ ಕೆಲವೇ ಶತಮಾನಗಳ ಈಚಿನ ಜೈನವೈದ್ಯರೊಬ್ಬರು ರಸಾಯನದ ವಿಷಯ ಬಂದಾಗ ಬೇರೊಬ್ಬ ಮುನಿಗಳ ಹೆಸರನ್ನು ಹೇಳುತ್ತಾರೆ. ಪೂಜ್ಯಪಾದರು ರಸಸಿದ್ಧರೆಂಬ ಪ್ರಸಿದ್ಧಿ ಅಷ್ಟರಲ್ಲಿ ಇದ್ದಿದ್ದರೆ ಅದನ್ನು ಬಿಟ್ಟು ಶಾಲಾಕ್ಯವನ್ನು ಮಾತ್ರ ಹೇಳುವುದಕ್ಕೆ ಕಾರಣವಿರಲಿಲ್ಲ. ಉಗ್ರಾದಿತ್ಯರು ರಸವಿದ್ಯೆಯನ್ನು ಕಡೆಗಣಿಸಿದವರೆಂದು ಹೇಳುವಂತೆಯೂ ಇಲ್ಲ. ಗ್ರಂಥದ ಉತ್ತರಭಾಗದಲ್ಲಿ ರಸರಸಾಯನಕ್ಕೂ ಕಲ್ಪಗಳಿಗೂ ಪ್ರತ್ಯೇಕ ಅಧಿಕಾರಗಳಿವೆ. ಅವುಗಳ ಪಕ್ಕದಲ್ಲಿಯೇ ಮರಣಚಿಹ್ನೆಗಳನ್ನು ಹೇಳುವ ರಿಷ್ಟಾಧ್ಯಾಯವೂ ಸೇರಿರುವುದನ್ನು ಗಮನಿಸಬೇಕು.

ರಿಷ್ಟವಿಚಾರವು ಜೈನವೈದ್ಯಕ್ಕೆ ಹೊರಗಿನಿಂದ ಅಂಟಿಸಿದ ವಿಷಯವಲ್ಲ. ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಸಲ್ಲೇಖನಕ್ಕೆ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳನ್ನು ಎಣಿಸಿ ಅವು ನಿಷ್ಪ್ರತೀಕಾರವಾಗಿರಬೇಕೆಂದು ವಿಶೇಷಣವನ್ನಿಟ್ಟಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಮಾರ್ಗ. ಮುಪ್ಪೆಂಬ ಒಂದೇ ಕಾರಣದಿಂದ ಆಹಾರವನ್ನು ಬಿಡುವುದು ವಿಹಿತವಲ್ಲ. ಪ್ರತೀಕಾರ ಎಲ್ಲಿಯವರೆಗೆ ಇದೆ, ಎಲ್ಲಿಂದ ಇಲ್ಲ ಎಂಬುದನ್ನು ಬಲ್ಲವನು ವೈದ್ಯ. ದುರ್ಗದೇವರು ಸಂವತ್ 1089ರಲ್ಲಿ, ಎಂದರೆ ಕ್ರಿ.ಶ. 1032ರ ಸುಮಾರಿಗೆ, ‘ರಿಷ್ಟಸಮುಚ್ಚಯ’ವೆಂಬ ಪ್ರಾಕೃತ ಗ್ರಂಥವನ್ನು ಈ ಒಂದು ವಿಷಯಕ್ಕಾಗಿಯೇ ರಚಿಸಿದರು. ಉಳಿದ ಕಾಲವೆಷ್ಟೆಂದು ತಿಳಿಯುವುದರಲ್ಲಿ ಜೈನ ಗ್ರಂಥಕಾರರಿಗಿದ್ದ ಆಸಕ್ತಿ ಅದನ್ನು ಹೆಚ್ಚಿಸುವುದರಲ್ಲಿ ಇರಲಿಲ್ಲವೆಂದು ಹೇಳಿದರೆ ತಪ್ಪಾಗದು.

ಪೂಜ್ಯಪಾದರ ‘ಸಮಾಧಿತಂತ್ರ’ವೂ ಇದೇ ಮನೋಧರ್ಮದ ಕೃತಿ. ಉಟ್ಟ ಬಟ್ಟೆ ಹಳತಾದಾಗ ತಾನು ಹಳಬನಾದೆನೆಂದು ಯಾರೂ ತಿಳಿಯದಂತೆ ದೇಹವು ಜೀರ್ಣವಾದಾಗ ಆತ್ಮವನ್ನು ಜೀರ್ಣವೆಂದು ಜ್ಞಾನಿ ತಿಳಿಯನೆಂಬ ಆಶಯ ಅದರಲ್ಲಿದೆ. ಮುಪ್ಪನ್ನು ಹೀಗೆ ಕಂಡವರು ಕಣ್ಣಿನ ಚಿಕಿತ್ಸೆಯನ್ನು ಬರೆದುದರಲ್ಲಿ ವಿರೋಧವೇನೂ ಇಲ್ಲ. ಕಣ್ಣಿಲ್ಲದ ಮುನಿ ನೆಲವನ್ನು ನೋಡಿ ನಡೆಯಲಾರನು, ಶಾಸ್ತ್ರವನ್ನು ಓದಲಾರನು. ಈರ್ಯಾಸಮಿತಿಗೂ ಸ್ವಾಧ್ಯಾಯಕ್ಕೂ ದೃಷ್ಟಿ ಬೇಕು. ಪೂಜ್ಯಪಾದರೇ ಒಮ್ಮೆ ದೃಷ್ಟಿಯನ್ನು ಕಳೆದುಕೊಂಡು ಶಾಂತ್ಯಷ್ಟಕದಿಂದ ಮರಳಿ ಪಡೆದರೆಂಬ ಐತಿಹ್ಯದಲ್ಲಿ ಶಾಲಾಕ್ಯಕಾರರೆಂಬ ಹಳೆಯ ನೆನಪಿನ ಎಳೆಯೊಂದು ಉಳಿದಿರಬಹುದು.

ರಸಸಿದ್ಧಿಯ ಐತಿಹ್ಯ ಯಾವಾಗ ಬೆಳೆಯಿತೆಂಬುದನ್ನು ಶಾಸನಗಳಿಂದ ಸ್ಥೂಲವಾಗಿ ಗುರುತಿಸಬಹುದು. ಶ್ರವಣಬೆಳಗೊಳದ ಸಿದ್ಧರ ಬಸದಿಯ ಕಂಬದ ಮೇಲಿನ ಕ್ರಿ.ಶ. 1432–33ರ ಶಾಸನವು ಪೂಜ್ಯಪಾದರಿಗೆ ಅಪ್ರತಿಮವಾದ ಔಷಧಋದ್ಧಿ ಇತ್ತೆಂದೂ ಅವರ ಪಾದ ತೊಳೆದ ನೀರು ಸೋಕಿ ಕಬ್ಬಿಣವು ಬಂಗಾರವಾಯಿತೆಂದೂ ಹೊಗಳುತ್ತದೆ. ಸುಮಾರು 1530ರ ಹುಂಚದ ಶಾಸನವಾದರೋ ಅವರ ವ್ಯಾಕರಣ ಕೃತಿಗಳ ಮತ್ತು ತತ್ತ್ವಾರ್ಥಟೀಕೆಯ ಜೊತೆಗೆ ವೈದ್ಯಶಾಸ್ತ್ರವನ್ನು ಸುಮ್ಮನೆ ಹೆಸರಿಸುತ್ತದೆ. 9ನೆಯ ಶತಮಾನದ ಶಾಲಾಕ್ಯಕಾರರು 15ನೆಯ ಶತಮಾನದ ಹೊತ್ತಿಗೆ ಲೋಹವನ್ನು ಬಂಗಾರ ಮಾಡುವವರಾಗಿದ್ದಾರೆ. ಈ ನಡುವೆ ದಕ್ಷಿಣದಲ್ಲಿ ರಸವಿದ್ಯೆ ಹರಡಿ, ಪಾದರಸದ ಯೋಗಗಳು ವೈದ್ಯರ ನಿತ್ಯ ಬಳಕೆಗೆ ಬಂದವು. ಆಂಧ್ರದೇಶದ ‘ಬಸವರಾಜೀಯ’ದಂಥ ಸಂಗ್ರಹಗ್ರಂಥಗಳಲ್ಲಿ ಪೂಜ್ಯಪಾದರ ಹೆಸರನ್ನು ಹೊತ್ತ ಯೋಗಗಳು ದೊರೆಯುತ್ತವೆ.

ಇಂಥ ಹೆಸರುಗಳು ಸೇರಿಕೊಳ್ಳುವ ಬಗೆಯನ್ನು ಹಸ್ತಪ್ರತಿಗಳನ್ನು ಬಳಸಿದವರು ಬಲ್ಲರು. ಪುರಾಣದ ಪ್ರತಿಯನ್ನು ಬರೆಯುವುದು ಶಾಸ್ತ್ರದಾನ. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಂಥ ಪ್ರತಿಯಲ್ಲಿ ಲಿಪಿಕಾರನು ತನ್ನದೆಂದು ಒಂದಕ್ಷರವನ್ನೂ ಸೇರಿಸಬಾರದು. ವೈದ್ಯನ ಮನೆಯ ಓಲೆಗರಿಯ ಕಟ್ಟು ಬೇರೆ ಜಾತಿಯದು. ಅದು ಬಳಕೆಯ ಪುಸ್ತಕ. ಖಾಲಿ ಉಳಿದ ಗರಿಯಲ್ಲಿ ಮಗನು ಒಂದು ಯೋಗವನ್ನು ಸೇರಿಸುತ್ತಾನೆ, ಮೊಮ್ಮಗನು ತೂಕವನ್ನು ತಿದ್ದುತ್ತಾನೆ, ಮುಂದಿನ ಲಿಪಿಕಾರನು ಎಲ್ಲವನ್ನೂ ಒಂದೇ ಪಾಠವಾಗಿ ಇಳಿಸುತ್ತಾನೆ. ಗುಣವಾದ ಯೋಗಕ್ಕೆ ಪೂಜ್ಯರ ಹೆಸರನ್ನಿಡುವುದು ಮೋಸವೆಂದು ಆ ವೈದ್ಯರು ಭಾವಿಸಿದಂತಿಲ್ಲ. ಗುರುಭಕ್ತಿಯೇ ಅದಕ್ಕೆ ಕಾರಣವಾಗಿರಬಹುದು. ಕಾರಣವೇನೇ ಇರಲಿ, ಚರಿತ್ರಕಾರನು ಅದನ್ನು ಕರ್ತೃತ್ವಕ್ಕೆ ಪ್ರಮಾಣವಾಗಿ ಹಿಡಿಯಲಾಗದು. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನೆಂದು ಹೇಳಿಕೊಂಡಿದ್ದಾನೆ. ಅವನ ಕನ್ನಡ ಗ್ರಂಥವನ್ನು ಉಗ್ರಾದಿತ್ಯರ ಗ್ರಂಥದೊಡನೆ ಅಧಿಕಾರಕ್ಕೆ ಅಧಿಕಾರವನ್ನಿಟ್ಟು ಹೋಲಿಸುವ ಕೆಲಸವನ್ನು ಪದ್ಯ ಪದ್ಯವಾಗಿ ಮಾಡಿದರೆ ಪೂಜ್ಯಪಾದರ ಹೆಸರಿನಲ್ಲಿ ಹಳೆಯ ಪದರ ಯಾವುದು, ಮೇಲೆ ಬಿದ್ದ ಪದರ ಯಾವುದು ಎಂಬುದಕ್ಕೆ ಗಟ್ಟಿಯಾದ ಆಧಾರ ದೊರೆಯುತ್ತದೆ.

ಪುಲಿಗೆರೆಗೆ ಸಮೀಪದ ಮುಳುಗುಂದದ ಮಾತೂ ಇಲ್ಲಿ ಸಲ್ಲುತ್ತದೆ. ಶಕ 969ರಲ್ಲಿ (ಕ್ರಿ.ಶ. 1047) ಅಲ್ಲಿಯ ಜಿನಾಲಯದಲ್ಲಿ ‘ಮಹಾಪುರಾಣ’ವನ್ನು ಮುಗಿಸಿದ ಮಲ್ಲಿಷೇಣಸೂರಿಗಳು ಮಂತ್ರವಾದದಲ್ಲಿ ನಿಪುಣರು. ಅವರ ‘ಭೈರವಪದ್ಮಾವತೀಕಲ್ಪ’ದ ಹತ್ತು ಅಧಿಕಾರಗಳಲ್ಲಿ ಆಕರ್ಷಣ, ವಶೀಕರಣ, ಸ್ತಂಭನಗಳೆಲ್ಲ ಇವೆ, ಲೌಕಿಕ ಕಾಮನೆಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೂ ಅಜರಾಮರತ್ವಕ್ಕೆಂದು ಒಂದು ಅಧಿಕಾರವಿಲ್ಲ. ಕೊನೆಯದು ಗಾರುಡಾಧಿಕಾರ, ಹಾವು ಕಚ್ಚಿದವನನ್ನು ಉಳಿಸುವ ವಿದ್ಯೆ. ಕುಂದಕುಂದರು ‘ಭಾವಪಾಹುಡ’ದಲ್ಲಿ ಆಯುಸ್ಸು ಕ್ಷಯಿಸುವ ಕಾರಣಗಳನ್ನು ಎಣಿಸುವಾಗ ವಿಷವನ್ನೇ ಮೊದಲು ಹೇಳಿ, ವೇದನೆ, ರಕ್ತಕ್ಷಯ, ಭಯ, ಶಸ್ತ್ರಘಾತ, ಸಂಕ್ಲೇಶ, ಆಹಾರ ಮತ್ತು ಉಸಿರಿನ ನಿರೋಧಗಳನ್ನು ಅನಂತರ ಹೇಳಿದ್ದಾರೆ. ಕರ್ಮಗ್ರಂಥಗಳು ಇಂಥ ಮರಣವನ್ನು ಕದಲೀಘಾತವೆನ್ನುತ್ತವೆ. ಗೊನೆ ಮಾಗಿ ತಾನಾಗಿ ಬೀಳುವ ಮೊದಲೇ ಬಾಳೆಯನ್ನು ಕಡಿದಂತೆ. ಮುಳುಗುಂದದ ಮಾಂತ್ರಿಕರೂ ರಾಮಗಿರಿಯ ವೈದ್ಯರೂ ಹಿಡಿದ ಕೆಲಸ ಒಂದೇ: ಆ ಕೊಡಲಿಯನ್ನು ತಡೆಯುವುದು. ಹೊಲಗಳಲ್ಲಿ ಹಾವಿನ ಭಯ ಸದಾ ಇದ್ದ ಈ ಬೆಳವಲದ ಸೀಮೆಯಲ್ಲಿ ಜನರಿಗೆ ಬೇಕಾಗಿದ್ದುದೂ ಅದೇ. ಮುಂಡರಗಿ ಶಿರಹಟ್ಟಿಗಳ ಕಡೆಯ ಕಪ್ಪತಗುಡ್ಡ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದುದು, ಔಷಧಿಸಸ್ಯಗಳಿಗೆ ಹೆಸರಾಗಿದೆ; ಈ ಭಾಗದ ವೈದ್ಯರಿಗೆ ಬೇರುನಾರುಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದವು.

ಇನ್ನು 260 ವರ್ಷಗಳ ಸಮಸ್ಯೆ. ಪೂಜ್ಯಪಾದ ಎಂಬುದು ದೇವನಂದಿ ಮುನಿಗಳಿಗೆ ಬಂದ ಗೌರವನಾಮ, ಹುಟ್ಟುಹೆಸರಲ್ಲ. ಅಂಥ ನಾಮವು ಒಬ್ಬರೊಡನೆ ಮುಗಿಯುವುದಿಲ್ಲ. 14ನೆಯ ಶತಮಾನದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಬರೆದ ಒಂದನೆಯ ಮಂಗರಾಜನು ಪೂಜ್ಯಪಾದರನ್ನು ತನ್ನ ಗುರುವೆಂದು ಹೇಳಿಕೊಂಡಿದ್ದಾನೆ. ಅವನ ಮಾತನ್ನು ಅಕ್ಷರಶಃ ದೇವನಂದಿಗಳಿಗೆ ಅನ್ವಯಿಸಿದರೆ ಅವರಿಗೆ ಸುಮಾರು 900 ವರ್ಷಗಳ ಆಯುಸ್ಸನ್ನು ಕೊಡಬೇಕಾಗುತ್ತದೆ. ಹಾಗೆ ಯಾವ ವಿದ್ವಾಂಸರೂ ಮಾಡಿಲ್ಲ. ಮಂಗರಾಜನ ವಿಷಯದಲ್ಲಿ ಅನುಸರಿಸುವ ವಿವೇಕವನ್ನು ಉದಯದೇವರ ವಿಷಯದಲ್ಲಿಯೂ ಅನುಸರಿಸಬೇಕು.

ಶಾಸನದ ಸ್ವರೂಪವೂ ಎಚ್ಚರಿಕೆಯನ್ನು ಬೇಡುತ್ತದೆ. ಶಂಖಬಸದಿಯ ಹಳೆಯ ದತ್ತಿಗಳನ್ನು ಅವುಗಳ ಕಾಲಕ್ಕಿಂತ ಬಹಳ ಈಚಿನ ಲಿಪಿಯಲ್ಲಿ, ಗಂಗ ಮಾರಸಿಂಹನ ಶಕ 890ರ ದತ್ತಿಯೊಂದಿಗೆ, ಕಲ್ಲಿನ ಮೇಲೆ ಒಟ್ಟಾಗಿ ಕೆತ್ತಿಸಲಾಗಿದೆ. ಮೂಲಪತ್ರಗಳಿಂದ ಮಾಡಿದ ನಕಲು ಇದಾಗಿರಬಹುದೆಂಬ ಅಭಿಪ್ರಾಯವೂ, ನಕಲಿನ ವಿಶ್ವಾಸಾರ್ಹತೆಯ ಬಗೆಗೆ ಸಂದೇಹವೂ ವಿದ್ವಾಂಸರಲ್ಲಿ ಉಂಟು. 10ನೆಯ ಶತಮಾನದ ಉತ್ತರಾರ್ಧದ ವೇಳೆಗೆ ದೇವನಂದಿ ಪೂಜ್ಯಪಾದರ ಕೀರ್ತಿ ಕರ್ಣಾಟಕದಲ್ಲೆಲ್ಲ ಹರಡಿತ್ತು. ನಕಲು ಮಾಡಿಸಿದವರು ಮೂಲದಲ್ಲಿದ್ದ ‘ಪೂಜ್ಯಪಾದ’ ಎಂಬ ಸಾಮಾನ್ಯ ಗೌರವಪದವನ್ನು ಆ ಪ್ರಸಿದ್ಧ ಹೆಸರಾಗಿಯೇ ಓದಿಕೊಂಡಿರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ. ನಕಲು ಯಥಾರ್ಥವೇ ಎಂದಿಟ್ಟುಕೊಂಡರೂ 8ನೆಯ ಶತಮಾನದ ದೇವಗಣದಲ್ಲಿ ಪೂಜ್ಯಪಾದರೆಂಬ ಗೌರವವನ್ನು ಪಡೆದ ಇನ್ನೊಬ್ಬ ಗುರುಗಳಿದ್ದರೆಂದು ಒಪ್ಪುವುದರಲ್ಲಿ ತೊಂದರೆಯಿಲ್ಲ. ಇದೇ ಬಸದಿಗೆ ಸೇರಿದ, ಶಕ 656ರ ವಿಕ್ರಮಾದಿತ್ಯನ ದತ್ತಿಯ ಗುರುಪರಂಪರೆಯನ್ನೂ ಇದರೊಡನೆ ಇಟ್ಟು ಮೂಲ ಅಚ್ಚುಗಳಿಂದ ಮತ್ತೊಮ್ಮೆ ಓದುವುದು ಅವಶ್ಯವಾಗಿದೆ.